ತಿರುವಿನಲ್ಲಿ ಹಾಕಿದ ಟವಲ್

ರಾಯಚೂರು ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸು ಇನ್ನೂ ರಿವರ್ಸ್ ತೆಗೆದುಕೊಳ್ಳುತ್ತಿರುವಾಗಲೇ ಜನ ಅದರ ಜೊತೆ ಓಡಲು ಶುರು ಮಾಡುತ್ತಾರೆ. ನಾನು ಆ ಬಸ್ಸಿನ ಕಂಡಕ್ಟರ್. ಬಾಗಿಲಲ್ಲಿ ನಿಂತು ಸೀಟಿ ಊದುತ್ತಾ, "ಸರೀರಿ, ಗಾಲಿ ಕೆಳಗ ಬರಬ್ಯಾಡ್ರಿ" ಎಂದು ಗಂಟಲು ಹರಿದುಕೊಳ್ಳುವಾಗಲೂ ನನ್ನ ಕಣ್ಣು ಬೇರೊಂದು ಕೆಲಸದಲ್ಲಿರುತ್ತದೆ. ಗುಂಪಿನಲ್ಲಿ ಒಂದೇ ಕಿಟಕಿಯ ಮೇಲೆ ಕಣ್ಣಿಟ್ಟ ಇಬ್ಬರನ್ನು ಅದು ಹೆಕ್ಕಿ ತೆಗೆಯುತ್ತದೆ. ಈ ಇಬ್ಬರಲ್ಲಿ ಸೀಟು ಯಾರಿಗೆ?

ನಮ್ಮ ಬಸ್ಸಿನ ಡ್ರೈವರಣ್ಣನಿಗೂ ಈ ಚಟ ಹತ್ತಿಸಿದ್ದೇನೆ. ಕನ್ನಡಿಯಲ್ಲಿ ನೋಡುತ್ತಾ ಕೇಳುತ್ತಾನೆ, "ಏನ್ರೀ ಮೇಡಂ, ಯಾರು?"

"ಹಸರ ಸೀರಿ."

"ಆ ಪೈಲ್ವಾನನ ಮುಂದ ಹಸರ ಸೀರಿ? ಇವತ್ತು ಚಾ ನಿಮ್ದ."

ಚಹಾ ಅವನೇ ಕುಡಿಸಿದ. ಹೆಚ್ಚಾಗಿ ಅವನೇ ಕುಡಿಸುತ್ತಾನೆ. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ ಆದ ಮೇಲಂತೂ ಜನ ಎರಡು ಪಟ್ಟಾಗಿ, ನನ್ನ ವಿದ್ಯೆಯೂ ಎರಡು ಪಟ್ಟು ಬೆಳೆದಿದೆ.

ನಮ್ಮ ಕಡೆ ಸೀಟು ಹಿಡಿಯುವ ಕ್ರಮ ಎಲ್ಲರಿಗೂ ಗೊತ್ತು. ಕಿಟಕಿಯಿಂದ ಟವಲ್ಲು, ಚೀಲ, ಏನೂ ಇಲ್ಲದಿದ್ದರೆ ಕಾಲಿನ ಚಪ್ಪಲಿಯನ್ನಾದರೂ ಒಳಗೆ ಎಸೆಯಬೇಕು. ಎಸೆದರೆ ಸೀಟು ನಿಮ್ಮದು. ಆಮೇಲೆ ನಿಧಾನವಾಗಿ ಬಂದರೂ ನಡೆಯುತ್ತದೆ ಎಂದು ಎಸೆದವರು ನಂಬಿರುತ್ತಾರೆ. ಎಸೆಯದವರು ನಂಬಿರುವುದಿಲ್ಲ. ಜಗಳ ಹುಟ್ಟುವುದು ಅಲ್ಲೇ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ನಾನು ಕಂಡುಕೊಂಡಿದ್ದು ಒಂದೇ ಸಂಗತಿ: ತೋಳಿನ ಬಲ, ಕಾಲಿನ ವೇಗ ಇವು ಯಾವುವೂ ಲೆಕ್ಕಕ್ಕಿಲ್ಲ. ಟವಲ್ ಎಸೆದ ಮೇಲೆ ಯಾರು ಹಿಂದೆ ತಿರುಗಿ ನೋಡುತ್ತಾರೋ ಅವರು ಸೀಟು ಕಳೆದುಕೊಳ್ಳುತ್ತಾರೆ. ಅವರು ನೋಡುವುದು ಗಂಡ ಬಂದನೇ ಎಂದಿರಬಹುದು, ಎದುರಾಳಿ ಎಲ್ಲಿದ್ದಾನೆ ಎಂದಿರಬಹುದು. ತಿರುಗಿದಷ್ಟು ಹೊತ್ತಿನಲ್ಲಿ ಇನ್ನೊಬ್ಬರು ಟವಲ್ಲನ್ನು ಎತ್ತಿ ಕೈಗೆ ಕೊಟ್ಟು ಕೂತಿರುತ್ತಾರೆ.

ಇದನ್ನೆಲ್ಲ ಹೇಳುತ್ತಿರುವುದು ಬಸ್ಸಿನ ಸಲುವಾಗಿ ಅಲ್ಲ, ನನ್ನ ತಂಗಿಯ ಸಲುವಾಗಿ.

ತಂಗಿ ಮೋಟೋಕ್ರಾಸ್ ಓಡಿಸುತ್ತಾಳೆ. ಮಣ್ಣಿನ ದಿಬ್ಬಗಳನ್ನು ಮಾಡಿ, ಅವುಗಳ ಮೇಲಿಂದ ಬೈಕು ಹಾರಿಸಿ, ತಿರುವುಗಳಲ್ಲಿ ಒಬ್ಬರನ್ನೊಬ್ಬರು ಒತ್ತರಿಸಿಕೊಂಡು ಹೋಗುವ ಆಟ. ಮಾನ್ವಿಯಲ್ಲಿ ಒಂದು ಬೈಕ್ ರಿಪೇರಿ ಅಂಗಡಿಯಲ್ಲಿ ಅವಳ ಕೆಲಸ. ಅಂಗಡಿಯ ಮಾಲಕರು ರೇಸಿಗೆ ಬೈಕು ಕೊಡುತ್ತಾರೆ, ಅಕ್ಕಿ ಗಿರಣಿಯ ಸಾಹುಕಾರರು ಗಿರಣಿ ಹಿಂದಿನ ಬಯಲು ಕೊಟ್ಟಿದ್ದಾರೆ. ಆದರೆ ಇಂಥವರ ದಯೆಯ ಮೇಲೆ ಎಷ್ಟು ದಿನ? ಹೊರರಾಜ್ಯದ ಒಂದು ರೇಸಿಂಗ್ ತಂಡ ಅವಳನ್ನು ಗಮನಿಸಿತ್ತು. ತಂಡಕ್ಕೆ ಸೇರಿದರೆ ಸಂಬಳ, ಸ್ವಂತ ಬೈಕು, ವರ್ಷವಿಡೀ ರೇಸು. ಹುಡುಗಿಯರಿಗೆ ಇದ್ದದ್ದು ಒಂದೇ ಜಾಗ, ಅದಕ್ಕೆ ಅವರು ಆರಿಸಿಟ್ಟುಕೊಂಡವರು ಇಬ್ಬರು. ಒಬ್ಬಳು ನನ್ನ ತಂಗಿ, ಇನ್ನೊಬ್ಬಳು ಕೊಲ್ಹಾಪುರದ ಹುಡುಗಿ. ರಾಯಚೂರಿನ ಪಕ್ಕದ ಕಲ್ಮಲದ ಹತ್ತಿರ ನಡೆಯಲಿದ್ದ ರೇಸಿಗೆ ಇಬ್ಬರೂ ಬರುವವರಿದ್ದರು. ತಂಡದ ಮ್ಯಾನೇಜರ್ ಫೋನಿನಲ್ಲಿ ನೇರವಾಗಿ ಹೇಳಿದ್ದ: ಮೊದಲನೇ ಸ್ಥಾನ ಬರಲಿ, ಬಿಡಲಿ, ನಿಮ್ಮಿಬ್ಬರಲ್ಲಿ ಯಾರು ಮುಂದಿರುತ್ತಾರೋ ಜಾಗ ಅವರದ್ದು.

ಅಂದರೆ ಅಷ್ಟು ದೊಡ್ಡ ರೇಸು ನಮ್ಮ ಮನೆಯ ಪಾಲಿಗೆ ಒಂದೇ ಜೋಡಿಗೆ ಇಳಿದುಬಂತು.

ಊರಿನ ಬೈಕ್ ಹುಚ್ಚರದ್ದೊಂದು ಮೊಬೈಲ್ ಗುಂಪಿದೆ. ಪ್ರತಿ ರೇಸಿನ ಮುಂಚೆ ಅದರಲ್ಲಿ ಜೋಡಿ ಕಟ್ಟುತ್ತಾರೆ: ಇವನಾ ಅವನಾ, ಇವಳಾ ಅವಳಾ. ಸೋತವರನ್ನು ಒಂದು ವಾರ ಕಾಡುವುದೇ ಅದರ ಬಹುಮಾನ. ಈ ಸಲ ತಂಗಿಯ ಜೋಡಿ ಬಂದಾಗ ಒಬ್ಬನೇ ಒಬ್ಬ ಯೋಚನೆ ಮಾಡಲಿಲ್ಲ. "ನಮ್ಮಾಕಿ", "ರಾಯಚೂರ ಬಿಸಲಾಗ ಬೆಳದಾಕಿ, ಬಿಡ್ತಾಳೇನು", "ಕೊಲ್ಹಾಪುರ ಚಪ್ಪಲಿಗಷ್ಟ ಫೇಮಸ್ಸು" ಎಂದೆಲ್ಲ ಬರೆದು ತಂಗಿಯನ್ನು ಗೆಲ್ಲಿಸಿಯೇ ಬಿಟ್ಟಿದ್ದರು.

ತಂಗಿಗೆ ಸಿಟ್ಟು ಬಂತು. ಭಾನುವಾರ ಮನೆಗೆ ಬಂದವಳು ಫೋನನ್ನು ನನ್ನ ಮುಂದೆ ಹಿಡಿದಳು.

"ಇವ್ರೆಲ್ಲ ನನ್ನ ಊರು ನೋಡಿ ಹೇಳಾಕತ್ತಾರ, ನನ್ನ ನೋಡಿಲ್ಲ. ಅಕ್ಕಾ, ನೀ ಬಸ್‌ಸ್ಟ್ಯಾಂಡಿನ್ಯಾಗ ನೋಡ್ತಿಯಲ್ಲ, ಹಂಗ ನೋಡಿ ಹೇಳು. ತಂಗಿ ಅಂತ ಹೇಳಬ್ಯಾಡ."

"ಸೋಲ್ತಿ ಅಂತ ಬಂದ್ರ?"

"ಅದನ್ನೂ ಹೇಳು."

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಥೂ, ಮನಿಯವ್ರ ಬಾಯಿಲೇ ಸೋಲು ಅನ್ನಬಾರದು. ಇಬ್ರೂ ಬಾಯಿ ಮುಚ್ರಿ," ಎಂದಳು. ನಾವು ಬಾಯಿ ಮುಚ್ಚಿದೆವು. ಆದರೆ ನಾನು ಒಪ್ಪಿಕೊಂಡಾಗಿತ್ತು. ಒಪ್ಪಿಕೊಂಡ ಮೇಲೆ ಅರ್ಧಂಬರ್ಧ ಮಾಡುವುದು ನನ್ನ ಜಾಯಮಾನದಲ್ಲಿಲ್ಲ. ಗುಂಪಿನಲ್ಲಿ ಕೂತು ಹೂ ಹಾರ ಹಾಕುವವರಿಗಿಂತ ಅವಳಿಗೆ ನನ್ನಿಂದ ಬೇಕಾದದ್ದು ಬೇರೆ ಎಂದು ನನಗೆ ಗೊತ್ತಿತ್ತು, ಅದನ್ನು ಕೊಟ್ಟೇ ತೀರುತ್ತೇನೆ ಎಂದು ಹಟ ಹಿಡಿದೆ.

ವಾರದ ರಜೆ ಸಿಕ್ಕ ದಿನ ಮಾನ್ವಿಗೆ ಹೋದೆ. ಮಾನ್ವಿಯ ರಸ್ತೆ ನನಗೆ ಹೊಸದಲ್ಲ. ನಾವು ಮೂಲ ದೇವದುರ್ಗದವರು. ಭತ್ತದ ನಾಟಿಯ ಕಾಲಕ್ಕೆ ಅವ್ವ ನಮ್ಮಿಬ್ಬರನ್ನೂ ಕಟ್ಟಿಕೊಂಡು, ಬಸ್ಸು ಬದಲಿಸಿ, ಮಾನ್ವಿ ಕಡೆಯ ಗದ್ದೆಗಳಿಗೆ ಕೂಲಿಗೆ ಬರುತ್ತಿದ್ದಳು. ಈಗ ಅದೇ ಕಾಲುವೆ ಪಕ್ಕದ ಬಯಲಿನಲ್ಲಿ, ಭತ್ತದ ಹೊಟ್ಟಿನ ರಾಶಿಗಳ ಹಿಂದೆ, ತಂಗಿ ತಾನೇ ಸಲಿಕೆ ಹಿಡಿದು ಕಟ್ಟಿಕೊಂಡ ದಿಬ್ಬಗಳ ಮೇಲಿಂದ ಹಾರುತ್ತಿದ್ದಳು. ಹಾರಿದಾಗೆಲ್ಲ ಸಾಕು, ಇಳಿ ಎಂದು ಕೂಗಬೇಕೆನಿಸುತ್ತದೆ, ಇವತ್ತಿಗೂ. ಆದರೆ ನಾನು ಅವತ್ತು ಅಕ್ಕನಾಗಿ ಹೋಗಿರಲಿಲ್ಲ. ಬಿಸಿಲಿಗೆ ಸೆರಗು ಹೊದ್ದು ಕೂತು ನೋಡಿದೆ, ಫೋನಿನಲ್ಲಿ ವಿಡಿಯೋ ಹಿಡಿದೆ.

ಹೆಲ್ಮೆಟ್ ತೆಗೆದು ಬಂದು ಕೇಳಿದಳು, "ನೋಡಿದಿ? ಏನ್ ಹೇಳ್ತಿ?"

"ಆಕೀನ್ನ ಇನ್ನಾ ನೋಡಿಲ್ಲ. ಒಬ್ಬಾಕೀನ್ನ ನೋಡಿ ಜೋಡಿ ಹೇಳಾಕ ಬರಂಗಿಲ್ಲ."

ಅವಳು ಮುಖ ಸಣ್ಣದು ಮಾಡಿಕೊಂಡು ಮತ್ತೆ ಬೈಕು ಹತ್ತಿದಳು. ಸುಳ್ಳು ಹೇಳಿ ಕಳಿಸಿದ್ದರೆ ಅವಳ ಆ ಸಂಜೆಯಾದರೂ ಚೆನ್ನಾಗಿರುತ್ತಿತ್ತು ಎಂದು ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಆದರೆ ಒಂದು ಸಂಜೆಯ ಸಲುವಾಗಿ ಅವಳು ನನ್ನನ್ನು ಕೇಳಿರಲಿಲ್ಲ.

ರೇಸಿನ ಹಿಂದಿನ ದಿನ ಕಲ್ಮಲದ ಬಯಲಿನಲ್ಲಿ ಎಲ್ಲರಿಗೂ ಅಭ್ಯಾಸವಿತ್ತು. ಅಲ್ಲಿಯದು ಎರೆಮಣ್ಣು. ಒಣಗಿದ್ದರೆ ಧೂಳು, ನೀರು ಬಿದ್ದರೆ ಅಂಟು. ಧೂಳು ಕೂರಿಸಲು ಟ್ಯಾಂಕರಿನವರು ಆಗಾಗ ನೀರು ಹೊಡೆಯುತ್ತಿದ್ದರು. ಕೊಲ್ಹಾಪುರದ ಹುಡುಗಿಯನ್ನು ಅವಳ ಬಿಳಿ ಹೆಲ್ಮೆಟ್ಟಿನಿಂದ ಗುರುತು ಹಿಡಿದೆ. ಎಲ್ಲರೂ ಬೈಕು ಒರೆಸುತ್ತಾ ಹರಟುತ್ತಿದ್ದಾಗ ಅವಳೊಬ್ಬಳೇ ಇಡೀ ದಾರಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬಂದಳು. ತಿರುವುಗಳಲ್ಲಿ ಬೂಟಿನ ತುದಿಯಿಂದ ಮಣ್ಣು ಕೆದಕಿ ನೋಡಿದಳು. ಯಾರನ್ನೂ ನೋಡಲಿಲ್ಲ. ಬೈಕಿನ ಮೇಲೆ ಕೂತ ಮೇಲೂ ಅಷ್ಟೇ, ಅವಳ ಹೆಲ್ಮೆಟ್ಟು ಮುಂದಕ್ಕೆ ಮೊಳೆ ಹೊಡೆದ ಹಾಗೆ. ಅವಳನ್ನು ದ್ವೇಷಿಸಲು ನಾನು ಪ್ರಯತ್ನ ಪಟ್ಟೆ, ಆಗಲಿಲ್ಲ. ಅಂಥ ಹುಡುಗಿ ನಮ್ಮ ಬಸ್ಸಿಗೆ ಬಂದರೆ ಕಿಟಕಿ ಸೀಟು ಅವಳದೇ.

ನನ್ನ ತಂಗಿಯೂ ಕಡಿಮೆಯವಳಲ್ಲ. ಹೊರಡುವ ಸಾಲಿನಲ್ಲಿ ಬೈಕುಗಳನ್ನು ತಡೆದಿಟ್ಟಿರುವ ಕಬ್ಬಿಣದ ಗೇಟು ಬಿದ್ದ ಕೂಡಲೇ ಅವಳಷ್ಟು ಚುರುಕಾಗಿ ಚಿಮ್ಮುವವರು ಅಲ್ಲಿ ಯಾರೂ ಇರಲಿಲ್ಲ. ಮೊದಲ ತಿರುವಿಗೆ ಮೊದಲು ಮುಟ್ಟಿದವಳೂ ಅವಳೇ. ಅಂದರೆ ಟವಲ್ ಎಸೆದವಳು ಅವಳು. ಆಮೇಲೆ ತಿರುವು ದಾಟುವಾಗ ಅವಳ ಹೆಲ್ಮೆಟ್ಟು ಎಡಕ್ಕೆ, ಹಿಂದಕ್ಕೆ, ಸ್ವಲ್ಪ ವಾಲಿತು. ಒಂದು ರೆಪ್ಪೆ ಬಡಿಯುವಷ್ಟು. ಅಷ್ಟರಲ್ಲಿ ಬೈಕು ತಿರುವಿನ ಹೊರ ಅಂಚಿಗೆ, ಅಗಲಕ್ಕೆ ಹೋಯಿತು, ಒಳಗಿನಿಂದ ಬಿಳಿ ಹೆಲ್ಮೆಟ್ಟು ನುಗ್ಗಿತು. ಎರಡನೇ ಸಲವೂ ಹೀಗೇ. ಮೂರನೇ ಸಲ ನಾನು ನೋಡಲು ಇಷ್ಟವಿಲ್ಲದೆ, ಫೋನಿನಲ್ಲಿ ಹಿಡಿಯುತ್ತಾ ನೋಡಿದೆ.

ಸಂಜೆ ರಾಯಚೂರಿನ ಮನೆಯಲ್ಲಿ ಮೂವರೂ ಊಟಕ್ಕೆ ಕೂತೆವು. ತಂಗಿ ತುತ್ತು ಬಾಯಿಗಿಡದೆ ನನ್ನನ್ನೇ ನೋಡುತ್ತಿದ್ದಳು.

"ಉಂಡ ಮ್ಯಾಲೆ ಹೇಳ್ತೀನಿ," ಎಂದೆ.

"ಈಗ ಹೇಳು."

"ಸೋಲ್ತಿ."

ಅವ್ವ ನನ್ನ ಕಡೆ ನೋಡಿದ ನೋಟ ಈಗಲೂ ಚುಚ್ಚುತ್ತದೆ. "ಹೊಟ್ಟಿಗೆ ಏನ್ ತಿಂತಿ ನೀನು? ನಾಳೆ ರೇಸ್ ಅದ ಆಕೀದು, ಇವತ್ತ ಹಿಂಗನ್ನಾಕ ಮನಸರೆ ಹೆಂಗ ಬಂತು?" ಎಂದಳು. ಆದರೂ ನಾನು ಹಿಂದೆಗೆಯಲಿಲ್ಲ.

ತಂಗಿ ಅಳಲಿಲ್ಲ. "ಯಾಕ ಅನ್ನೂದು ಹೇಳು," ಎಂದಳು.

"ಮೊದಲ ತಿರುವಿಗೆ ನೀನ ಮುಟ್ತಿ. ಮುಟ್ಟಿದ ಮ್ಯಾಲೆ ಹೊಳ್ಳಿ ನೋಡ್ತಿ."

"ನಾನಾ? ಇಲ್ಲಬೇ ಅಕ್ಕಾ, ಸುಳ್ಳ ಹೇಳಬ್ಯಾಡ."

ಫೋನು ತೆಗೆದು ತೋರಿಸಿದೆ. ಮಾನ್ವಿಯ ಬಯಲಿನಲ್ಲಿ ಹಿಂದೆ ಯಾರೂ ಇರಲಿಲ್ಲ, ಹೊಟ್ಟಿನ ರಾಶಿ ಬಿಟ್ಟರೆ. ಅಲ್ಲಿಯೂ ಅವಳು ತಿರುಗಿ ನೋಡಿದ್ದಳು. ಕಲ್ಮಲದಲ್ಲೂ ಅದೇ ಎಡಕ್ಕೆ, ಅದೇ ಹಿಂದಕ್ಕೆ. ತಂಗಿ ಬೇರೆ ಯಾರನ್ನೋ ನೋಡುವ ಹಾಗೆ ತನ್ನನ್ನೇ ನೋಡಿದಳು. ತನಗೇ ಗೊತ್ತಿಲ್ಲದ ಚಾಳಿ ಅದು.

ಅವ್ವ ಫೋನನ್ನು ಕೈಗೆ ತೆಗೆದುಕೊಂಡಳು. ಮತ್ತೊಮ್ಮೆ ಹಾಕಿಸಿದಳು, ಮಗದೊಮ್ಮೆ ಹಾಕಿಸಿದಳು. ಕೈ ತೊಳೆಯದೆ ಹಾಗೇ ಕೂತಿದ್ದಳು. ಆಮೇಲೆ ಮೆಲ್ಲಗೆ ಅಂದಳು, "ಇದು ನಾ ಕಲಿಸಿದ್ದು."

ನಮಗೆ ಅರ್ಥವಾಗಲಿಲ್ಲ.

"ನಾಟಿಗೆ ಹೋಗುವಾಗ ದೇವದುರ್ಗ ಸ್ಟ್ಯಾಂಡಿನ್ಯಾಗ ನಾ ಚೀಲ ಒಗದು ಓಡ್ತಿದ್ದೆ. ನೀ ಸಣ್ಣಾಕಿ, ನನ್ನ ಹೆಗಲ ಮ್ಯಾಲೆ. ಅಕ್ಕ ಹಿಂದ ಎಲ್ಲೋ ಮಂದ್ಯಾಗ. ನನಗ ಹೊಳ್ಳಿ ನೋಡಾಕ ಆಗ್ತಿದ್ದಿಲ್ಲ, ನೋಡಿದ್ರ ಸೀಟು ಹೋಗ್ತಿತ್ತು. ಅದಕ್ಕ ನಿನಗ ಹೇಳ್ತಿದ್ದೆ, ಹಿಂದ ನೋಡಬೇ, ಅಕ್ಕ ಬಂದ್ಳೇನು? ನೀ ನೋಡಿ, ಬಂದ್ಳು ಅಂತಿದ್ದಿ. ಆಗ ನಾ ಹತ್ತತಿದ್ದೆ."

ಹೆಗಲ ಮೇಲಿನ ಆ ಪುಟ್ಟ ಮುಖ ನನಗೆ ನೆನಪಿದೆ. ಜನರ ಸೊಂಟ, ಚೀಲ, ಮೊಣಕೈಗಳ ನಡುವೆ ಸಿಕ್ಕಿಕೊಂಡಿದ್ದ ನಾನು ಮೇಲೆ ನೋಡಿದರೆ ಎಡ ಹೆಗಲಿನಿಂದ ಅದು ನನ್ನನ್ನೇ ಹುಡುಕುತ್ತಿರುತ್ತಿತ್ತು. ಸಿಕ್ಕ ಕೂಡಲೇ ನಗುತ್ತಿತ್ತು. ನಾನು ಅದನ್ನು ಗುರುತು ಇಟ್ಟುಕೊಂಡೇ ಬಸ್ಸು ಮುಟ್ಟುತ್ತಿದ್ದೆ. ಇಷ್ಟು ದಿನ ನಾನು ಅವಳ ತಪ್ಪು ಎಂದು ಲೆಕ್ಕ ಹಾಕುತ್ತಿದ್ದದ್ದು ನನ್ನನ್ನು ಹುಡುಕುವ ಕೆಲಸವಾಗಿತ್ತು.

ತಂಗಿ ತಾಟು ಸರಿಸಿ ಕೇಳಿದಳು, "ಹಂಗಾದ್ರ ಏನ್ ಮಾಡ್ಲಿ? ಹುಟ್ಟಿದಾಗಿಂದ ಬಂದ ಚಾಳಿ ನಾಳಿಗೆ ಹೋಗ್ತದೇನು?"

ಭವಿಷ್ಯ ಹೇಳುವುದಷ್ಟೇ ನನ್ನ ವಿದ್ಯೆ, ಬದಲಿಸುವುದಲ್ಲ. ಉತ್ತರ ಕೊಟ್ಟವಳು ಅವ್ವ.

"ನಾಳೆ ನಿನ್ನ ಹಿಂದ ಯಾರೂ ಇರಂಗಿಲ್ಲ. ನಾವಿಬ್ರೂ ಮುಂದ ಇರ್ತೀವಿ, ಮೊದಲ ತಿರುವು ದಾಟಿ ಆ ಕಡಿ. ನೋಡೂದಿದ್ರ ಮುಂದ ನೋಡು."

ಮಲಗುವ ಮುಂಚೆ ತಂಗಿ ಕೇಳಿದಳು, "ಈಗಾರ ನಿನ್ನ ಮಾತು ಬದ್ಲಿ ಮಾಡ್ತಿಯೇನು ಅಕ್ಕಾ?"

"ಇಲ್ಲ. ಅಂದಿದ್ದು ಅಂದೀನಿ. ಸುಳ್ಳು ಮಾಡೂದು ನಿನ್ನ ಕೆಲಸ."

"ಮಾಡ್ತೀನಿ," ಎಂದಳು. ದೀಪ ಆರಿಸಿದಳು.

ರೇಸಿನ ದಿನ ಕಲ್ಮಲದಲ್ಲಿ ಜಾತ್ರೆಗೂ ಸೇರದಷ್ಟು ಜನ. ಮಟಮಾರಿ, ಯರಗೇರಾ ಕಡೆಯಿಂದಲೂ ಟಂಟಂ ಆಟೋ ಮಾಡಿಕೊಂಡು ಬಂದಿದ್ದರು. ಎಲ್ಲರೂ ಗೇಟಿನ ಹತ್ತಿರ, ಇಲ್ಲವೇ ದೊಡ್ಡ ದಿಬ್ಬದ ಹತ್ತಿರ ನೆರಳು ಹುಡುಕಿಕೊಂಡು ನಿಂತರು. ನಾನು, ಅವ್ವ ಮೊದಲ ತಿರುವಿನಾಚೆ, ಯಾರೂ ನಿಲ್ಲದ ಬಿಸಿಲಿನ ಮೂಲೆಗೆ ಹೋದೆವು. ಅವ್ವ ಚೀಲದಿಂದ ಕೆಂಪು ಟವಲ್ಲೊಂದನ್ನು ತೆಗೆದಳು. ಬೇಲಿಯ ಬಿದಿರಿಗೆ ಅದನ್ನು ಅಗಲವಾಗಿ ಹರಡಿ ಗಂಟು ಹಾಕಿದಳು. ಏನದು ಎಂದು ಕೇಳಿದ್ದಕ್ಕೆ, "ಜಾಗ ಹಿಡದೀನಿ, ಬಂದು ಕುಂದ್ರಲಿ," ಎಂದಳು. ಅವಳಿಗೆ ತಮಾಷೆ ಮಾಡುವ ಮನಸ್ಸೇನೂ ಇರಲಿಲ್ಲ.

ಗೇಟು ಬಿತ್ತು. ಸದ್ದು ಮೊದಲು ಬಂತು, ಆಮೇಲೆ ಧೂಳು, ಆಮೇಲೆ ಧೂಳಿನೊಳಗಿಂದ ತಂಗಿ. ಎಂದಿನಂತೆ ತಿರುವಿಗೆ ಅವಳೇ ಮೊದಲು. ನಾನು ಬೈಕು ನೋಡಲಿಲ್ಲ, ಗಾಲಿ ನೋಡಲಿಲ್ಲ, ಅವಳ ನೀಲಿ ಹೆಲ್ಮೆಟ್ಟನ್ನಷ್ಟೇ ನೋಡಿದೆ. ತಿರುವಿನ ನಟ್ಟನಡುವೆ ಅದು ಎಡಕ್ಕೆ ಒಂದಿಷ್ಟು ಅಲುಗಿತು. ಅಲುಗಿದ್ದು ಹಾಗೇ ನಿಂತು, ವಾಪಸು ಬಂದು, ನೇರವಾಗಿ ಟವಲ್ಲಿನ ಮೇಲೆ ನೆಟ್ಟಿತು. ಬೈಕು ಅಗಲಕ್ಕೆ ಹೋಗಲಿಲ್ಲ. ನಮ್ಮ ಮುಂದೆಯೇ ಮಣ್ಣು ಎರಚಿ ಹೋದಳು. ಅವ್ವನ ಸೀರೆ ತುಂಬ ಕರಿ ಚುಕ್ಕೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ತಿರುವು ತಿದ್ದಿಕೊಂಡ ಮಾತ್ರಕ್ಕೆ ರೇಸು ಗೆದ್ದಂತಲ್ಲ. ಬೆಂಗಳೂರಿನ, ಪುಣೆಯ ಹುಡುಗಿಯರು ಒಳ್ಳೆಯ ಬೈಕುಗಳ ಮೇಲೆ ಒಬ್ಬೊಬ್ಬರಾಗಿ ಅವಳನ್ನು ದಾಟಿದರು. ಅದರ ಚಿಂತೆ ನಮಗಿರಲಿಲ್ಲ. ಆದರೆ ಸಾಲು ದಿಬ್ಬಗಳ ಹತ್ತಿರ ಬಿಳಿ ಹೆಲ್ಮೆಟ್ಟೂ ಅವಳನ್ನು ದಾಟಿತು. ನನ್ನ ಮಾತು ನಿಜವಾಗುವ ಹಾಗೆ ಕಂಡಿತು. ಜೀವನದಲ್ಲಿ ಮೊದಲ ಸಲ ನನ್ನ ಮಾತಿನ ಮೇಲೆ ನನಗೆ ಕೋಪ ಬಂತು. ಬೇಲಿ ಹಿಡಿದು "ಸುಳ್ಳ ಮಾಡಬೇ, ಸುಳ್ಳ ಮಾಡು!" ಎಂದು ಕಿರುಚಿದೆ. ಆ ಕಡೆ ಹಾಯ್ದು ಹೋಗುತ್ತಿದ್ದ ಐಸ್ ಮಾರುವವನು ನನ್ನನ್ನೇ ನೋಡುತ್ತಾ ನಿಂತ.

ಕೊನೆಯ ಸುತ್ತು. ಬಿಳಿ ಹೆಲ್ಮೆಟ್ಟು ನಮ್ಮ ತಿರುವಿಗೆ ಬಂತು, ಅದರ ಬೆನ್ನಿಗೇ ನೀಲಿ. ಅಷ್ಟು ಹೊತ್ತೂ ಯಾರನ್ನೂ ನೋಡದಿದ್ದ ಕೊಲ್ಹಾಪುರದ ಹುಡುಗಿ ಆಗ ನೋಡಿದಳು. ತಲೆ ಅರ್ಧ ತಿರುಗಿಸಿ ಹಿಂದೆ ಯಾರು, ಎಷ್ಟು ದೂರ ಎಂದು ನೋಡಿದಳು. ಅವಳಿಗೂ ಆ ಜಾಗ ಅಷ್ಟೇ ಬೇಕಾಗಿತ್ತಲ್ಲ. ಅವಳ ಬೈಕಿನ ಮುಂದಿನ ಗಾಲಿ ಟ್ಯಾಂಕರ್ ನೀರು ನಿಂತಿದ್ದ ಅಂಚಿಗೆ ಇಳಿಯಿತು. ಎರೆಮಣ್ಣು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಅವಳು ಕಾಲು ಕೊಟ್ಟು, ಬೈಕು ಎಳೆದುಕೊಂಡು, ಮತ್ತೆ ಹೊರಡುವಷ್ಟರಲ್ಲಿ ತಂಗಿ ಒಳಗಿನಿಂದ, ಟವಲ್ಲಿನ ಕಡೆ ಮುಖ ಮಾಡಿಕೊಂಡು, ದಾಟಿ ಹೋಗಿದ್ದಳು.

ತಂಗಿ ಬಂದದ್ದು ನಾಲ್ಕನೇ ಸ್ಥಾನ, ಬಿಳಿ ಹೆಲ್ಮೆಟ್ಟು ಅವಳ ಹಿಂದೆ; ತಂಡದ ಜಾಗ ತಂಗಿಯದಾಯಿತು. ನಾಲ್ಕನೇ ಸ್ಥಾನಕ್ಕೆ ಒಬ್ಬ ಮುದುಕಿ ಬೇಲಿ ದಾಟಿ ಕೆಸರಿನಲ್ಲಿ ಓಡಿ ಹೋಗಿ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅಳುವುದನ್ನು ನೋಡಿ ಜನಕ್ಕೆ ಏನೂ ತಿಳಿಯಲಿಲ್ಲ. ನಾನು ಹತ್ತಿರ ಹೋಗುವಷ್ಟರಲ್ಲಿ ತಂಗಿ ಅವ್ವನ ತೋಳಿನಿಂದ ಬಿಡಿಸಿಕೊಂಡು ಹಿಂದಕ್ಕೆ ನಡೆದಿದ್ದಳು. ಕೊಲ್ಹಾಪುರದ ಹುಡುಗಿ ಹೆಲ್ಮೆಟ್ ತೆಗೆಯದೆ ಬೈಕಿನ ಪಕ್ಕ ನೆಲದ ಮೇಲೆ ಕೂತಿದ್ದಳು. ತಂಗಿ ಅವಳ ಪಕ್ಕ ಕೂತಳು. ಏನು ಮಾತಾಡಿದರೋ ಗೊತ್ತಿಲ್ಲ. ಇಬ್ಬರ ಬೂಟಿಗೂ ನಮ್ಮ ಮಣ್ಣು ಮೆತ್ತಿತ್ತು.

ಮರುದಿನ ನಾನು ಡ್ಯೂಟಿಗೆ ಬಂದೆ. ಡ್ರೈವರಣ್ಣ ಕಾಯುತ್ತಲೇ ಇದ್ದ.

"ಮೇಡಂ, ಸ್ವಂತ ತಂಗಿ ಜೋಡಿನ ತಪ್ಪು ಹೇಳಿದ್ರಂತ! ನಿಮ್ಮ ತಂಗಿನ ಮೊಬೈಲ್ ಗುಂಪಿನ್ಯಾಗ ಹಾಕ್ಯಾಳ, ಊರಾಗೆಲ್ಲ ಸುದ್ದಿ. ಈ ವಾರ ಪೂರಾ ಚಾ ನಿಮ್ದ."

"ನನ್ನ ನಿಯಮ ತಪ್ಪಿಲ್ಲ, ನೋಡ್ರಿ ಅಣ್ಣಾರ. ಹೊಳ್ಳಿ ನೋಡಿದಾಕಿ ಸೋತ್ಳು," ಎಂದೆ. ಅವನು ನಕ್ಕು ಕನ್ನಡಿ ಸರಿ ಮಾಡಿಕೊಂಡ. ಬಸ್ಸು ಹಿಂದಕ್ಕೆ ಸರಿಯತೊಡಗಿತು, ಜನ ಓಡತೊಡಗಿದರು.

ಅವರಲ್ಲಿ ಒಬ್ಬ ಹೆಂಗಸು ಇದ್ದಳು. ಹೆಗಲ ಮೇಲೊಂದು ಮಗು, ಗುಂಪಿನಲ್ಲಿ ಹಿಂದೆ ಬಿದ್ದಿದ್ದ ಇನ್ನೊಂದು ಹುಡುಗಿ. ಕಿಟಕಿಯಿಂದ ಚೀಲ ಒಳಗೆ ಎಸೆದಳು. ಅದೇ ಕಿಟಕಿಗೆ ಒಬ್ಬ ಗಡ್ಡದ ಗಂಡಸು ಕಣ್ಣಿಟ್ಟಿದ್ದ.

"ಯಾರ್ರೀ ಮೇಡಂ?" ಡ್ರೈವರಣ್ಣ ಕೇಳಿದ.

ಹೆಂಗಸು ಬಾಗಿಲ ಹತ್ತಿರ ಬಂದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಹಿಂದೆ ತಿರುಗಿದಳು. ಯಾರು ಸೋಲುತ್ತಾರೆ ಎಂದು ನನಗೆ ಗೊತ್ತಿತ್ತು. ಡ್ರೈವರಣ್ಣನಿಗೆ ಉತ್ತರ ಕೊಡದೆ ನಾನು ಮೆಟ್ಟಿಲಿಳಿದು ಅವಳನ್ನು ಒಳಕ್ಕೆ ನೂಕಿದೆ.

"ನೀ ಹೋಗಿ ಕುಂದ್ರಬೇ ಯವ್ವಾ, ಹೊಳ್ಳಿ ನೋಡಬ್ಯಾಡ. ದೊಡ್ಡಾಕೀನ್ನ ನಾ ಕರಕೊಂಡು ಬರ್ತೀನಿ."